ಊರಿನ ಹೆಸರನ್ನು ಪ್ರಶ್ನಿಸಿದ ಮಾಸ್ತರರು



ನಮ್ಮ ಹಾರೂಗೇರಿಯ ಹೆಸರಿನಲ್ಲಿಯೇ ಒಂದು ವ್ಯಾಕರಣ ಪಾಠವಿದೆ. ‘ಕೇರಿ’ ಎಂಬ ಪದವು ಸಮಾಸದಲ್ಲಿ ‘ಗೇರಿ’ ಆಗುವುದು ಆದೇಶ ಸಂಧಿ. ಮಳೆಗಾಲ, ಬೆಟ್ಟದಾವರೆ ಎಂದು ಉದಾಹರಣೆಗಳನ್ನು ಬಾಯಿಪಾಠ ಮಾಡಿದ ನೀವೆಲ್ಲ ಅದೇ ಸಂಧಿಯನ್ನು ಬಸ್ಸಿನ ಫಲಕದ ಮೇಲೆ ದಿನವೂ ಓದುತ್ತಿದ್ದಿರಿ. ವ್ಯಾಕರಣವು ಇಲ್ಲಿಗೆ ನಿಲ್ಲುತ್ತದೆ. ಇತಿಹಾಸವು ಇಲ್ಲಿಂದ ಆರಂಭವಾಗುತ್ತದೆ. ಇದು ಯಾರ ಕೇರಿ? ಹೆಸರಿಟ್ಟವರು ಯಾರು? ಅವರು ಯಾವ ನುಡಿಯನ್ನಾಡುತ್ತಿದ್ದರು?

ಇಂಥ ಪ್ರಶ್ನೆಗಳನ್ನು ಬಾಳಿನ ಕಾಯಕವಾಗಿಸಿಕೊಂಡ ಶಾಲಾ ಮಾಸ್ತರರೊಬ್ಬರು ನಮ್ಮ ಬೆಳಗಾವಿ ಜಿಲ್ಲೆಯವರೇ. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1896ರಲ್ಲಿ ಜನಿಸಿದ ಶಂಕರ ಬಾಳದೀಕ್ಷಿತ ಜೋಶಿ ಅವರು ನಾಡಿಗೆಲ್ಲ ‘ಶಂಬಾ’ ಎಂದೇ ಪರಿಚಿತರು. ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಅವರು ಶಿಕ್ಷಕರಾಗಿದ್ದರು. ವಿಶ್ವವಿದ್ಯಾಲಯದ ಪೀಠವಾಗಲಿ, ಸಂಶೋಧನೆಗೆಂದು ದೊರೆಯುವ ವೇತನವಾಗಲಿ ಅವರಿಗೆ ಇರಲಿಲ್ಲ. ಶಾಲೆಯ ಕೆಲಸದ ನಡುವೆಯೇ 1933ರಲ್ಲಿ ‘ಕಣ್ಮರೆಯಾದ ಕನ್ನಡ’, 1934ರಲ್ಲಿ ‘ಮಹಾರಾಷ್ಟ್ರದ ಮೂಲ’, 1937ರಲ್ಲಿ ‘ಕಂನುಡಿಯ ಹುಟ್ಟು’ ಎಂಬ ಗ್ರಂಥಗಳು ಹೊರಬಂದವು.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಗೋದಾವರಿಯನ್ನು ಕನ್ನಡ ನಾಡಿನ ಉತ್ತರದ ಗಡಿಯಾಗಿ ಗುರುತಿಸಿದೆ ಎಂಬುದನ್ನು ನಾವೆಲ್ಲರೂ ತರಗತಿಯಲ್ಲಿ ಹೇಳಿದ್ದೇವೆ. ಹಾಗೆ ಹೇಳಿ ಮುಂದಿನ ಪಾಠಕ್ಕೆ ಹೋಗುವುದು ನಮ್ಮ ರೂಢಿ. ಶಂಬಾ ಅವರು ಮುಂದೆ ಹೋಗದೆ ಅಲ್ಲಿಯೇ ನಿಂತರು. ಅಷ್ಟು ದೂರ ಹಬ್ಬಿದ್ದ ನುಡಿ ಎಲ್ಲಿ ಹೋಯಿತು? ಆಡುವ ಜನ ನುಡಿಯನ್ನು ಬದಲಿಸಿದರೂ ನೆಲವು ಹಳೆಯ ಹೆಸರನ್ನು ಬೇಗನೆ ಬಿಟ್ಟುಕೊಡುವುದಿಲ್ಲವೆಂಬುದನ್ನು ಆಧಾರವಾಗಿಟ್ಟುಕೊಂಡು ಅವರು ಊರುಗಳ ಹೆಸರುಗಳನ್ನು ಸಾಕ್ಷಿಗೆ ಕರೆದರು. ‘ಎಡೆಗಳು ಹೇಳುವ ಕಂನಾಡ ಕಥೆ’ ಎಂಬ ಅವರ ಕೃತಿಯ ಹೆಸರೇ ಈ ವಿಧಾನವನ್ನು ಸಾರುತ್ತದೆ. ಎಡೆ ಎಂದರೆ ಸ್ಥಳ.

‘ಹಟ್ಟಿ’ ಎಂಬ ಪದವನ್ನೇ ನೋಡಿರಿ. ಹಳಗನ್ನಡದ ಪಕಾರವು ಮುಂದೆ ಹಕಾರವಾಯಿತು. ಪಾಲು ಹಾಲಾಯಿತು, ಪಟ್ಟಿ ಹಟ್ಟಿಯಾಯಿತು. ಕುರಿದನಗಳ ಹಟ್ಟಿ ಮೊದಲು, ಊರು ಆಮೇಲೆ. ದನಕುರಿ ಕಾಯುವ ಹಟ್ಟಿಕಾರ ಜನರಲ್ಲಿಯೇ ಮರಾಠಿ ಸಂಸ್ಕೃತಿಯ ಬೇರುಗಳನ್ನು ಶಂಬಾ ಅರಸಿದರು. ಈ ಮಾತನ್ನು ಕನ್ನಡಿಗರ ಸಭೆಯಲ್ಲಿ ಹೇಳಿ ಚಪ್ಪಾಳೆ ಪಡೆಯುವುದು ಸುಲಭವಾಗಿತ್ತು. ಅವರು 1952ರಲ್ಲಿ ‘ಮರ್ಹಾಟೀ ಸಂಸ್ಕೃತಿ: ಕಾಹೀ ಸಮಸ್ಯಾ’ ಎಂಬ ಗ್ರಂಥವನ್ನು ಮರಾಠಿಯಲ್ಲಿಯೇ ಬರೆದರು. ‘ಕೆಲವು ಸಮಸ್ಯೆಗಳು’ ಎಂಬ ಶೀರ್ಷಿಕೆಯನ್ನು ಗಮನಿಸಬೇಕು. ಯಾರು ಒಪ್ಪಲಾರರೋ ಅವರ ಮುಂದೆ, ಅವರ ನುಡಿಯಲ್ಲಿ, ತನ್ನ ವಾದವನ್ನು ಪ್ರಶ್ನೆಯ ರೂಪದಲ್ಲಿ ಇಡುವುದು ಸಣ್ಣ ಧೈರ್ಯವಲ್ಲ.

ಶಂಬಾ ಅವರ ಎಲ್ಲ ಪದವ್ಯುತ್ಪತ್ತಿಗಳನ್ನೂ ಮುಂದಿನ ವಿದ್ವಾಂಸರು ಒಪ್ಪಿಲ್ಲ. ಧ್ವನಿಸಾಮ್ಯವನ್ನು ನೆಚ್ಚಿ ಅವರು ಬಹಳ ದೂರ ನಡೆದರೆಂಬ ಆಕ್ಷೇಪವಿದೆ. ಆದರೆ ಅವರು ಎತ್ತಿದ ಪ್ರಶ್ನೆಗಳನ್ನು ಬದಿಗಿರಿಸಿ ಕನ್ನಡ ಸಂಸ್ಕೃತಿಯ ಇತಿಹಾಸವನ್ನು ಬರೆಯುವುದು ಯಾರಿಗೂ ಸಾಧ್ಯವಾಗಲಿಲ್ಲ. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು, 1981ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. 1991ರಲ್ಲಿ ತೀರಿಕೊಳ್ಳುವಾಗ ಅವರಿಗೆ ತೊಂಬತ್ತೈದು ದಾಟಿತ್ತು.

ತರಗತಿಯ ಶಿಕ್ಷಕನಿಗೆ ಇದರಿಂದ ಏನು ಪ್ರಯೋಜನವೆಂದು ನೀವು ಕೇಳಬಹುದು. ಪಠ್ಯಪುಸ್ತಕವು ಫಲವನ್ನು ಕೊಡುತ್ತದೆ. ಅದು ಬೆಳೆದ ಬಗೆಯನ್ನು ತೋರಿಸುವುದಿಲ್ಲ. ಸ್ವಂತದ ಒಂದು ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಅಲೆದ ಶಿಕ್ಷಕನಿಗೆ ಒಂದು ವಾಕ್ಯದ ಹಿಂದೆ ಎಷ್ಟು ಊಹೆ, ಎಷ್ಟು ಸಾಕ್ಷ್ಯ, ಎಷ್ಟು ಜಗಳ ಇರುತ್ತದೆಂಬುದು ತಿಳಿಯುತ್ತದೆ. ಅಂಥವನು ವಿದ್ಯಾರ್ಥಿಯ ತಪ್ಪು ಉತ್ತರವನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳುತ್ತಾನೆ. ನಮ್ಮ ತಾಲೂಕಿನ ಸುಟ್ಟಟ್ಟಿಯ ‘ಅಟ್ಟಿ’ಯು ಹಟ್ಟಿಯೇ ಎಂದು ಹುಡುಗನೊಬ್ಬ ಹೇಳಿದರೆ ಅವನನ್ನು ಹೊಗಳಿ ಕೂರಿಸಬಾರದು, ಗದರಿಸಿ ಕೂರಿಸಲೂಬಾರದು. ಹಳೆಯ ಕಾಗದದಲ್ಲಿ, ಶಾಸನದಲ್ಲಿ ಆ ಹೆಸರು ಹೇಗೆ ಬರೆದಿದೆಯೆಂದು ನೋಡಿ ಬಾ ಎನ್ನಬೇಕು. ಊಹೆಯಿಂದ ಸಾಕ್ಷ್ಯದವರೆಗಿನ ಆ ನಡಿಗೆಯೇ ಶಿಕ್ಷಣ.

ಗಡಿಯ ಶಾಲೆಗಳಲ್ಲಿ ಇದಕ್ಕೆ ಇನ್ನೊಂದು ಮಹತ್ವವಿದೆ. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು; ಸಂಸ್ಥಾನದ ದಫ್ತರಗಳು ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ ಇರುತ್ತಿದ್ದವು. 1956ರಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಗಡಿವಾದವು ಅಂದಿನಿಂದಲೂ ಮುಗಿದಿಲ್ಲ. 1967ರ ಮಹಾಜನ ವರದಿಯ ಹೆಸರನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಇಂಥಲ್ಲಿ ಮನೆಯಲ್ಲಿ ಕನ್ನಡ ಆಡುವ ಮಗುವೂ ಮರಾಠಿ ಆಡುವ ಮಗುವೂ ಒಂದೇ ಬೆಂಚಿನ ಮೇಲೆ ಕುಳಿತಿರುತ್ತವೆ. ಊರಿನ ಹೆಸರುಗಳನ್ನು ಜಮೀನಿನ ಉತಾರದಂತೆ ಒಡೆತನದ ಪುರಾವೆಯಾಗಿ ಹಿಡಿದು ಪಾಠ ಮಾಡಿದರೆ ಆ ಇಬ್ಬರಲ್ಲಿ ಒಬ್ಬರು ತಲೆ ತಗ್ಗಿಸಬೇಕಾಗುತ್ತದೆ. ಹೆಸರುಗಳನ್ನು ಬಾಳಿದವರ ಗುರುತಾಗಿ ಓದಿದರೆ ಇಬ್ಬರಿಗೂ ಅದರಲ್ಲಿ ಅಜ್ಜ ಮುತ್ತಜ್ಜರು ಕಾಣುತ್ತಾರೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಬರುವ ಭಕ್ತಸಮೂಹವನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ತರಬೇತಿಗಳು, ದಾಖಲೆಗಳು, ವರದಿಗಳ ನಡುವೆ ಬಿಡುವಿಲ್ಲವೆಂಬುದನ್ನು ಬಲ್ಲೆ. ಆದರೂ ಪರೀಕ್ಷೆಗೆ ಬಾರದ, ಬಡ್ತಿಗೆ ನೆರವಾಗದ ಒಂದು ಪ್ರಶ್ನೆ ಪ್ರತಿಯೊಬ್ಬ ಶಿಕ್ಷಕನ ಜೋಳಿಗೆಯಲ್ಲಿ ಇರಬೇಕು. ಮಡ್ಡಿ, ಎರಿ, ಮಸಾರಿ ಎಂದು ನೆಲದ ಗುಣಕ್ಕೆ ತಕ್ಕಂತೆ ಹಿರಿಯರು ಕರೆಯುತ್ತಿದ್ದ ಹೊಲಗಳ ಹೆಸರುಗಳು ಉತಾರದ ನಂಬರುಗಳಲ್ಲಿ ಮರೆಯಾಗುತ್ತಿವೆ. ನಿಮ್ಮ ಶಾಲೆಯ ಮಕ್ಕಳು ಒಂದೊಂದು ಮನೆಯಿಂದ ಒಂದೊಂದು ಹೆಸರು ತಂದರೂ ಒಂದು ನೋಟುಬುಕ್ಕು ತುಂಬೀತು. ಆ ಕೆಲಸಕ್ಕೆ ಡಿಗ್ರಿ ಬೇಡ, ಅನುದಾನ ಬೇಡ. ಹಿರಿಯರು ಇರುವಾಗಲೇ ಕೇಳಬೇಕು, ಅಷ್ಟೆ.