ಬಿಸಿಯನ್ನು ಹೊರಗಟ್ಟಿದ ಕಥೆ

1833ರಲ್ಲಿ ಅಮೆರಿಕದ ಬೋಸ್ಟನ್‌ನಿಂದ ಹೊರಟ ‘ಟಸ್ಕನಿ’ ಎಂಬ ಹಡಗು ಸುಮಾರು ನಾಲ್ಕು ತಿಂಗಳ ಬಳಿಕ ಕಲ್ಕತ್ತ ತಲುಪಿತು. ಅದರಲ್ಲಿದ್ದ ಸರಕು ಮಂಜುಗಡ್ಡೆ. ಹೊರಡುವಾಗ 180 ಟನ್ ಇದ್ದದ್ದು ತಲುಪುವಾಗ ಸುಮಾರು 100 ಟನ್ ಉಳಿದಿತ್ತು. ವ್ಯಾಪಾರಿ ಫ್ರೆಡರಿಕ್ ಟ್ಯೂಡರ್‌ಗೆ ಅದೇ ದೊಡ್ಡ ಗೆಲುವು. ಹೊರಗಿನ ಬಿಸಿಯನ್ನು ತಡೆಯುವುದಷ್ಟೇ ಅಂದಿನ ಉಪಾಯವಾಗಿತ್ತು. ಈ ಮಂಜುಗಡ್ಡೆಯನ್ನು ಕಾಪಿಡಲು 1842ರಲ್ಲಿ ಕಟ್ಟಿದ ಮದ್ರಾಸಿನ ಐಸ್ ಹೌಸ್ ಇಂದಿಗೂ ಕಡಲ ತೀರದಲ್ಲಿ ನಿಂತಿದೆ.

ಒಳ ಹೊಕ್ಕ ಬಿಸಿಯನ್ನು ಮತ್ತೆ ಹೊರಗಟ್ಟುವ ದಾರಿ ತೋರಿಸಿದ್ದು ಯಂತ್ರ. 1834ರಲ್ಲಿ ಜೇಕಬ್ ಪರ್ಕಿನ್ಸ್ ಲಂಡನ್ನಿನಲ್ಲಿ ಅಂತಹ ಯಂತ್ರಕ್ಕೆ ಪೇಟೆಂಟ್ ಪಡೆದರು. ನಮ್ಮ ಮನೆಯ ಫ್ರಿಜ್ ಕೂಡಾ ಅದೇ ತತ್ವದಲ್ಲಿ ನಡೆಯುತ್ತದೆ. ಅದು ತಂಪನ್ನು ತಯಾರಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ಅಡುಗೆಮನೆಗೆ ಸುರಿಯುತ್ತದೆ.

ಅಡುಗೆಮನೆಯೇ ಕಾದಿದ್ದರೆ? ಇದರ ಲೆಕ್ಕಕ್ಕೆ ಬೇಕಾದ ಸೂತ್ರದ ಬೀಜ ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿ ಬರೆದ ಪುಸ್ತಕದಲ್ಲೇ ಇತ್ತು. ಫ್ರೀಜರಿನೊಳಗೆ ಮೈನಸ್ 18 ಡಿಗ್ರಿ ಇರಲಿ. ಕೋಣೆಯ ಉಷ್ಣಾಂಶ 25ರಿಂದ 38 ಡಿಗ್ರಿಗೆ ಏರಿದರೆ ಗೋಡೆಯ ಮೂಲಕ ಒಳನುಗ್ಗುವ ಬಿಸಿ ಸುಮಾರು ಶೇ. 30ರಷ್ಟು ಹೆಚ್ಚುತ್ತದೆ. ಪ್ರತಿ ಪಾಲು ಬಿಸಿಯನ್ನು ಹೊರಗಟ್ಟುವ ಶ್ರಮವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಎರಡೂ ಸೇರಿದರೆ, ಆದರ್ಶ ಯಂತ್ರಕ್ಕೂ ಸುಮಾರು 1.7 ಪಟ್ಟು ವಿದ್ಯುತ್ ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನವರಿಗೆ ಇದು ಬರೀ ಪುಸ್ತಕದ ಮಾತಲ್ಲ.

ಇನ್ನೊಂದು ಅಡ್ಡಿ ಒಳಗಿದೆ. ಬಾಗಿಲು ತೆರೆದಾಗಲೆಲ್ಲ ಹೊಕ್ಕ ತೇವಾಂಶ ತಂಪಾದ ತಗಡಿನ ಮೇಲೆ ಬಿಳಿ ಹಿಮವಾಗಿ ಕೂರುತ್ತದೆ. ನೋಡಲು ತಂಪಾದರೂ ಅದರೊಳಗೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ಕಂಬಳಿಯಂತೆ ಬಿಸಿಯ ದಾರಿಯನ್ನು ಮುಚ್ಚುತ್ತದೆ. ಆದ್ದರಿಂದ ಹಿಮ ಅರ್ಧ ಸೆಂಟಿಮೀಟರ್ ದಪ್ಪವಾಗುವ ಮೊದಲೇ ಫ್ರಿಜ್ ಆಫ್ ಮಾಡಿ ಕರಗಿಸಬೇಕು. ಚಾಕುವಿನಿಂದ ಕೆರೆದರೆ ಕೊಳವೆ ತೂತಾಗಿ ಗ್ಯಾಸ್ ಹೋಗುತ್ತದೆ. ಫ್ರಾಸ್ಟ್ ಫ್ರೀ ಫ್ರಿಜ್‌ಗಳಲ್ಲಿ ಈ ಕೆಲಸವನ್ನು ಹೀಟರ್ ಮಾಡುತ್ತದೆ; ಅದಕ್ಕೂ ಸ್ವಲ್ಪ ವಿದ್ಯುತ್ ಬೇಕು.

ತಿಂಗಳ ಕೊನೆಗೆ ಕರೆಂಟ್ ಬಿಲ್ ಬಂದಾಗ, ಪದೇ ಪದೇ ಬಾಗಿಲು ತೆರೆದಳೆಂದು ಮನೆಯಾಕೆಯನ್ನು ದೂರುವುದು ನಮಗೆ ಸುಲಭ. ಆದರೆ ಫ್ರಿಜ್ಜನ್ನು ಒಲೆಯ ಪಕ್ಕ, ಗೋಡೆಗೆ ಒತ್ತಿ ನಿಲ್ಲಿಸಿದವರು ಯಾರು? ಅದರ ಬೆನ್ನ ಹಿಂದೆ ಗಾಳಿಯಾಡಲು ಒಂದಿಷ್ಟು ಜಾಗ ಬಿಟ್ಟಿದ್ದೇವೆಯೇ? ದೂರುವ ಮೊದಲು ನಾವು ಅಡುಗೆಮನೆಗೆ ಹೋಗಿ ನೋಡಿ ಬರುವುದು ಒಳ್ಳೆಯದು.