ಬೈರಮಂಗಲದ ಗದ್ದೆಗಳು ಭತ್ತ ಬಿಟ್ಟಿದ್ದು ಹೇಗೆ

ಬಿಡದಿ ಹತ್ತಿರದ ಬೈರಮಂಗಲದಲ್ಲಿ ವೃಷಭಾವತಿ ಹೊಳೆಗೆ ಕಟ್ಟೆ ಕಟ್ಟಿದ್ದು 1940ರ ದಶಕದಲ್ಲಿ. ಮಳೆನೀರು ಹಿಡಿದಿಟ್ಟು ನಾಲೆಗಳಲ್ಲಿ ಗದ್ದೆಗೆ ಬಿಡುವುದಷ್ಟೇ ಆಗಿನ ಲೆಕ್ಕ. ನಮ್ಮ ತಾತ ನಾಟಿ ನಡುವೆ ಬಾಯಾರಿದರೆ ಅದೇ ನಾಲೆಗೆ ಬೊಗಸೆಯೊಡ್ಡಿ ಕುಡಿಯುತ್ತಿದ್ದರಂತೆ. ನಾನು ಕಂಡಿದ್ದು ತೂಬಿನ ಬಾಯಲ್ಲಿ ಮಂಡಿಮಟ್ಟ ನಿಂತ ನೊರೆ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಈ ಹೊಳೆ ಹುಟ್ಟಿತೆಂದು ನಂಬಿಕೆ. ಆದರೆ ಬೇಸಿಗೆಯಲ್ಲೂ ಅದು ತುಂಬಿ ಹರಿಯತೊಡಗಿದ್ದು ಬೆಂಗಳೂರು ಬೆಳೆದ ಮೇಲೆ. 1974ರಲ್ಲಿ ಕಾವೇರಿ ನೀರು ನಗರದ ನಲ್ಲಿಗೆ ಬಂತು. ಮನೆಗೆ ಬಂದ ನೀರಿನಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಮತ್ತೆ ಮೋರಿ ಸೇರುತ್ತದೆ. ನಗರದ ಪಶ್ಚಿಮ ಭಾಗದ ಮೋರಿಗಳೆಲ್ಲ ಇಳಿಯುವುದು ವೃಷಭಾವತಿಗೇ. ಮಳೆ ನಂಬಿ ಕಟ್ಟಿದ ಕೆರೆಗೆ ವರ್ಷವಿಡೀ ನೀರು. ರೈತರು ಮೊದಮೊದಲು ಖುಷಿಪಟ್ಟರು ಅಂದರೆ ತಪ್ಪು ತಿಳಿಯಬಾರದು. ಕೊಚ್ಚೆಯಲ್ಲಿ ಸಾರಜನಕ, ರಂಜಕ ಇದ್ದೇ ಇರುತ್ತದೆ, ಗೊಬ್ಬರದ ಖರ್ಚು ಉಳಿಯಿತು.

ಭತ್ತ ಸೋತಿದ್ದೂ ಅಲ್ಲೇ. ಸಾರಜನಕ ಅತಿಯಾಗಿ ಪೈರು ಕಡುಹಸಿರಾಗಿ ಎದೆಮಟ್ಟ ಬೆಳೆದು, ತೆನೆ ಹೊತ್ತ ಮೇಲೆ ಮಲಗಿಬಿಡುತ್ತಿತ್ತು. ಬಡಿದರೆ ಅರ್ಧಕ್ಕರ್ಧ ಜೊಳ್ಳು. ಗದ್ದೆಗಿಳಿದವರ ಕಾಲಿಗೆ ನವೆ ಹತ್ತಿ ನಾಟಿಗೆ ಆಳು ಬರುವುದೂ ನಿಂತಿತು. ಹಾಗೆ ಒಂದೊಂದೇ ತಾಕು ಹಿಪ್ಪುನೇರಳೆಗೆ, ತೆಂಗಿಗೆ, ಬೇಬಿಕಾರ್ನ್‌ಗೆ, ಸೀಮೆಹುಲ್ಲಿಗೆ ತಿರುಗಿತು. ಲಾಭದ ಆಸೆಗೆ ರೈತ ಅನ್ನ ಬಿಟ್ಟ ಅನ್ನುವವರ ಮಾತು ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಆ ಹುಲ್ಲು ಹಸುವಿಗೆ, ಹಾಲು ಡೈರಿಗೆ, ಡೈರಿಯಿಂದ ಮತ್ತೆ ನಗರಕ್ಕೆ.

ಬರೀ ಮನೆಗಳ ಕೊಚ್ಚೆಯಾಗಿದ್ದರೆ ಮಣ್ಣು ಅರಗಿಸಿಕೊಳ್ಳುತ್ತಿತ್ತೇನೋ. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಎದ್ದಿತು. ಕಾರ್ಖಾನೆಯ ನೀರಿಗೂ ಮನೆಯ ನೀರಿಗೂ ಒಂದೇ ದಾರಿ ಆಯಿತಲ್ಲ, ನನ್ನ ಪ್ರಕಾರ ದೊಡ್ಡ ಅನ್ಯಾಯ ನಡೆದಿದ್ದು ಅಲ್ಲಿ. ಲೋಹಕ್ಕೆ ಲೇಪ ಕೊಡುವ ಘಟಕಗಳಿಂದ ಬರುವ ಕ್ರೋಮಿಯಂ, ನಿಕಲ್ ಕೊಳೆತು ಹೋಗುವ ವಸ್ತುಗಳಲ್ಲ. ಸೀಸ ಹೆಚ್ಚಾಗಿ ಮಣ್ಣಿಗೂ ಬೇರಿಗೂ ಅಂಟಿ ಕೂರುತ್ತದೆ, ಕ್ಯಾಡ್ಮಿಯಂ ಮಾತ್ರ ಬೇರಿನಿಂದ ಎಲೆಗೆ ಸಲೀಸಾಗಿ ಏರುತ್ತದೆ. ಪಾಲಕ್ಕನ್ನು ಎಷ್ಟು ತೊಳೆದರೂ ಒಳಗೆ ಸೇರಿದ್ದು ಹೋಗದು.

ಜಪಾನಿನ ಜಿಂಜು ನದಿ ಬಯಲಿನಲ್ಲಿ ಸತುವಿನ ಗಣಿಯ ನೀರು ಗದ್ದೆಗೆ ಹರಿದು, ಅಕ್ಕಿಯಲ್ಲಿ ಕ್ಯಾಡ್ಮಿಯಂ ಸೇರಿ, ಹೆಂಗಸರ ಮೂಳೆಗಳು ಮುರಿಯತೊಡಗಿದವು. ಅದು ಮಾಲಿನ್ಯದ ಕಾಯಿಲೆಯೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಗದ್ದೆಯ ಮೇಲ್ಮಣ್ಣು ಹೂತು, ಹೊಸ ಮಣ್ಣು ಹರಡುವ ಕೆಲಸ 1979ರಲ್ಲಿ ಶುರುವಾಗಿ 2012ರವರೆಗೆ ನಡೆಯಿತು. ನಮ್ಮಲ್ಲಿ ಕೇಳಿಬರುವ ಮಾತೆಲ್ಲ ನೀರಿನದೇ: ಶುದ್ಧೀಕರಣ ಘಟಕ, ಕೆರೆಯ ಪಕ್ಕದಿಂದ ಕೊಚ್ಚೆ ಸಾಗಿಸುವ ಕಾಲುವೆ. ನಾಳೆ ತಿಳಿನೀರೇ ಹರಿದರೂ ದಶಕಗಳಿಂದ ಗದ್ದೆಯಲ್ಲಿ ಕೂತಿರುವುದು ಅಲ್ಲೇ ಇರುತ್ತದೆ.

2015ರಿಂದ ರೈತರಿಗೆ ಮಣ್ಣಿನ ಆರೋಗ್ಯ ಚೀಟಿ ಕೊಡುತ್ತಿದ್ದಾರೆ. ಅದರಲ್ಲಿ 12 ಅಂಶಗಳಿವೆ. ಸಾರಜನಕ, ಪೊಟ್ಯಾಷ್, ಸತು, ಬೋರಾನ್ ಎಲ್ಲ ಉಂಟು. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ ಇಲ್ಲ. ಬೈರಮಂಗಲದ ಅಚ್ಚುಕಟ್ಟಿಗಾದರೂ ಆ ಮೂರು ಸಾಲು ಸೇರಿಸಿ, ಯಾವ ತಾಕಿನಲ್ಲಿ ಸೊಪ್ಪು ಬೆಳೆಯಬಹುದು, ಯಾವುದರಲ್ಲಿ ಕೂಡದು ಎಂದು ಬರೆದು ಕೊಡಲಿ.