ಹಳೇ ಜಿಪ್ಸಿ ಕೊಳ್ಳೋ ಮುಂಚೆ: ಯಾವ ವರ್ಷದ್ದು, ಯಾವ ಎಂಜಿನ್, ಏನೇನು ನೋಡಬೇಕು

ಮಳೆಗಾಲ ಹತ್ತಿರ ಬಂತೆಂದರೆ ಮಲೆನಾಡಿನ ಗ್ಯಾರೇಜುಗಳಲ್ಲಿ ‘ಒಂದು ಒಳ್ಳೇ ಜಿಪ್ಸಿ ಇದ್ರೆ ಹೇಳಿ’ ಅನ್ನೋ ಮಾತು ಶುರುವಾಗುತ್ತದೆ. ಶೋರೂಮಿನಲ್ಲಿ ಹೊಸದು ಸಿಗೋದಿಲ್ಲ. ಹೊಸ ಸುರಕ್ಷತಾ ನಿಯಮಗಳಿಗೆ ಹೊಂದದ ಕಾರಣ 2019ರಲ್ಲೇ ಸಾರ್ವಜನಿಕರಿಗೆ ಮಾರಾಟ ನಿಂತಿದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಗಾಡಿಗೇ ಗಿರಾಕಿ, ಮೋಸ ಹೋಗುವವರೂ ಅಲ್ಲೇ.

ಮಾರುತಿ ಜಿಪ್ಸಿ ಮಾರುಕಟ್ಟೆಗೆ ಬಂದಿದ್ದು 1985ರ ಡಿಸೆಂಬರ್‌ನಲ್ಲಿ. ಜಪಾನಿನ ಸುಜುಕಿ ಜಿಮ್ನಿಯ ಉದ್ದ ಚಾಸಿಯ ರೂಪ ಇದು. ಮೊದಲಿನದಕ್ಕೆ 970 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 45 ಎಚ್‌ಪಿ, ನಾಲ್ಕು ಗೇರ್. 1993ರಲ್ಲಿ ಎಡಬಲ ಚಕ್ರಗಳ ನಡುವಿನ ಅಂತರವನ್ನು 90 ಮಿ.ಮೀ. ಹೆಚ್ಚಿಸಿದರು, ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆಯಾಯಿತು. 1996ರಲ್ಲಿ 1298 ಸಿಸಿಯ ‘ಜಿಪ್ಸಿ ಕಿಂಗ್’ ಬಂತು: 60 ಎಚ್‌ಪಿ, ಐದು ಗೇರ್. 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂದ ಮೇಲೆ ಶಕ್ತಿ 80 ಎಚ್‌ಪಿಗೆ ಏರಿತು. ದಿನಾ ಓಡಿಸೋಕೆ ಇದೇ ವಾಸಿ.

ಗಾಡಿಯ ತೂಕ ಒಂದು ಟನ್ ಆಸುಪಾಸು ಅಷ್ಟೇ. ಕೆಸರಲ್ಲಿ ದೊಡ್ಡ ಗಾಡಿಗಳು ಹೂತುಕೊಂಡಾಗ ಜಿಪ್ಸಿ ದಾಟಿ ಹೋಗುವುದರ ಗುಟ್ಟು ಇದೇ. ನೆಲದಿಂದ ಎತ್ತರ 210 ಮಿ.ಮೀ., ಪೆಟ್ರೋಲ್ ಟ್ಯಾಂಕ್ 40 ಲೀಟರ್. ಹಿಂದೆ ಎದುರುಬದುರು ಬೆಂಚ್ ಸೀಟು. ಎಸಿ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ. ಮುಂದೆ ಹಿಂದೆ ಎರಡೂ ಕಡೆ ಪಟ್ಟಾ ಸ್ಪ್ರಿಂಗ್, ಹಾಗಾಗಿ ಸೊಂಟ ನೋವಿದ್ದವರು ಎರಡು ಸಲ ಯೋಚಿಸಲಿ. ಮೈಲೇಜ್ ಹತ್ತು ಹನ್ನೆರಡು ಕಿ.ಮೀ. ಬಂದರೆ ಪುಣ್ಯ.

ಫೋರ್ ವೀಲ್ ಡ್ರೈವ್ ಬಳಸುವಾಗ ಒಂದು ತಪ್ಪು ಬಹಳ ಜನ ಮಾಡ್ತಾರೆ. ಒಣ ಟಾರು ರಸ್ತೆಯಲ್ಲಿ 4ಎಚ್ ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ವೇಗ ಬೇರೆ ಬೇರೆ ಬೇಕು. ಇದರಲ್ಲಿ ಆ ವ್ಯತ್ಯಾಸಕ್ಕೆ ಜಾಗವಿಲ್ಲ, ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಕೆಸರು, ಮರಳು, ಒದ್ದೆ ಹುಲ್ಲಿಗೆ ಮಾತ್ರ ಅದು. 4ಎಲ್ ಹಾಕುವಾಗ ಗಾಡಿ ನಿಲ್ಲಿಸಿಯೇ ಹಾಕಬೇಕು. ಮುಂದಿನ ಚಕ್ರದಲ್ಲಿ ಕೈಯಲ್ಲಿ ತಿರುಗಿಸೋ ಹಬ್ ಇದ್ದರೆ ಮೊದಲು ಅದನ್ನು ಲಾಕ್ ಮಾಡಿ, ಇಲ್ಲದಿದ್ರೆ ಲಿವರ್ ಎಳೆದರೂ ಮುಂದಿನ ಚಕ್ರ ಎಳೆಯಲ್ಲ.

ನೋಡೋಕೆ ಹೋದಾಗ ಬಣ್ಣಕ್ಕೆ ಮರುಳಾಗಬೇಡಿ. ಕೆಳಗೆ ಮಲಗಿ ಚಾಸಿ ನೋಡಿ. ಮಳೆ ಊರಲ್ಲಿ ಓಡಿದ ಗಾಡಿಯ ನೆಲ ತುಕ್ಕು ಹಿಡಿದಿರುತ್ತದೆ, ಮೇಲೆ ಮ್ಯಾಟ್ ಹಾಸಿ ಮುಚ್ಚಿರ್ತಾರೆ, ಮ್ಯಾಟ್ ಎತ್ತಿಸಿ. ಮುಂದಿನ ಚಕ್ರದ ಒಳಬದಿಯಲ್ಲಿ ಗ್ರೀಸ್, ಆಯಿಲ್ ಸೋರಿದ್ದರೆ ಸೀಲ್ ಹೋಗಿದೆ ಅಂತ ಅರ್ಥ. ಐವತ್ತು ಅರವತ್ತರ ವೇಗದಲ್ಲಿ ಸ್ಟಿಯರಿಂಗ್ ಗಡಗಡ ನಡುಗಿದರೆ ಕಿಂಗ್‌ಪಿನ್ ಬೇರಿಂಗ್ ಅಥವಾ ಟೈ ರಾಡ್ ಸವೆದಿರಬಹುದು. ಹಳೇ ಕಾರ್ಬ್ಯುರೇಟರ್ ಗಾಡಿಯಾದರೆ ಎಥೆನಾಲ್ ಬೆರೆತ ಪೆಟ್ರೋಲಿಗೆ ರಬ್ಬರ್ ಪೈಪು ಬಿರುಕು ಬಿಟ್ಟಿದೆಯೇ ಎಂದೂ ಪರೀಕ್ಷಿಸಬೇಕು.

ಕಾಗದಪತ್ರದ ವಿಷಯ ಇನ್ನೂ ಮುಖ್ಯ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ. ಆಮೇಲೆ ಫಿಟ್‌ನೆಸ್ ಪಾಸಾದರೆ 5 ವರ್ಷಕ್ಕೊಮ್ಮೆ ನವೀಕರಣ. ಈಗಿನ ಶುಲ್ಕ ಎಷ್ಟೆಂದು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಯೇ ವ್ಯಾಪಾರಕ್ಕೆ ಕೂರಿ. ಹೊರರಾಜ್ಯದ ಗಾಡಿಗೆ ಎನ್‌ಒಸಿ ಬೇಕು, ಕರ್ನಾಟಕದ ತೆರಿಗೆಯೂ ಕಟ್ಟಬೇಕು. ‘ಮಿಲಿಟರಿ ಹರಾಜಿಂದು’ ಎಂದು ತೋರಿಸಿದರೆ ಹರಾಜಿನ ಕಾಗದ, ಆರ್‌ಸಿ ಎರಡೂ ಕೇಳಿ, ಚಾಸಿ ಮೇಲಿನ ನಂಬರ್ ಓದಿ ತಾಳೆ ನೋಡಿ. ನಂಬರ್ ತೋರಿಸಲು ಮಾರುವವರು ಹಿಂದೆಮುಂದೆ ನೋಡಿದರೆ ಅಡ್ವಾನ್ಸ್ ಕೊಡದೆ ವಾಪಸ್ ಬನ್ನಿ.